ಗೀಸರ್ ಯಾವ ಕಂಪೆನಿದು ಒಳ್ಳೇದು ಮಾರಾಯ್ರೆ? ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬದಿಯಡ್ಕ ಕಡೆಯವ, ಗಲ್ಫಲ್ಲಿ 9 ವರ್ಷ ಬಿಲ್ಡಿಂಗ್ ಮೈಂಟೆನೆನ್ಸ್ ಮಾಡಿ ಬಂದು ಈಗ ಊರಲ್ಲೇ ವಯರಿಂಗ್, ಪ್ಲಂಬಿಂಗ್ ಕೆಲಸ. ಜೂನಲ್ಲಿ ಮಳೆ ಹಿಡಿದದ್ದೇ ತಡ ಫೋನ್ ಶುರು ಆಗ್ತದೆ, ಯಾವ ಗೀಸರ್ ತೆಗೊಳ್ಳುದು, ಯಾವುದಕ್ಕೆ ಒಳ್ಳೆ ಹೆಸರುಂಟು, ಅಂಗಡಿಯವ ಹೇಳಿದ್ದು ನಂಬಬಹುದಾ ಅಂತ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿ ಬರೆದಿಟ್ಟದ್ದು ಇದು. ಯಾವ ಕಂಪೆನಿಯವರೂ ನನಗೆ ಚಾ ಸಹ ಕುಡಿಸಿಲ್ಲ, ನನ್ನದು ಅಂಗಡಿಯೂ ಇಲ್ಲ.

ಒಂದೇ ಮಾತಲ್ಲಿ ಹೇಳಿಬಿಡಿ, ಯಾವ ಕಂಪೆನಿ?

ಒಂದೇ ಮಾತಲ್ಲಿ ಆಗುದಾದ್ರೆ ಇಷ್ಟುದ್ದ ಯಾಕೆ ಬರೀತಿದ್ದೆ. ನಿಮ್ಮ ನೀರು ಎಂತದು, ಹಾಳಾದ್ರೆ ನಿಮ್ಮ ಮನೆವರೆಗೆ ಬರುವ ಜನ ಯಾರು, ಇವೆರಡು ಕೇಳದೆ ಕಂಪೆನಿ ಹೆಸರು ಹೇಳುವವ ಒಂದೋ ಅಂಗಡಿಯವ, ಇಲ್ಲದಿದ್ರೆ ಅಂಗಡಿಯವನ ಭಾವ.

ನೀರಿಗೂ ಕಂಪೆನಿಗೂ ಎಂತ ಸಂಬಂಧ?

ಇದ್ದದ್ದೇ ಅಲ್ಲಿ. ನೀರ್ಚಾಲು ಹತ್ರ ಅಣ್ಣ ತಮ್ಮ ಇಬ್ಬರದ್ದು ಅಕ್ಕಪಕ್ಕ ಮನೆ, ಒಂದೇ ದಿನ ಒಂದೇ ಅಂಗಡಿಯಿಂದ ಒಂದೇ ಕಂಪೆನಿಯ 15 ಲೀಟರಿನ ಗೀಸರ್ ತಂದದ್ದು, ನಾನೇ ಫಿಟ್ ಮಾಡಿದ್ದು. ಅಣ್ಣನಿಗೆ ಸುರಂಗದ ನೀರು ಅಂದ್ರೆ ಗುಡ್ಡಕ್ಕೆ ಅಡ್ಡ ಕೊರೆದ ಬಿಲದಿಂದ ಬರುವಂಥದ್ದು, ತಮ್ಮನಿಗೆ ಬೋರ್‌ವೆಲ್ಲಿದ್ದು. ಮೂರನೇ ವರ್ಷ ಅಣ್ಣನದ್ದು ತಳದಲ್ಲಿ ತೊಟ್ಟಿಕ್ಕಲಿಕ್ಕೆ ಶುರು. ಬಿಚ್ಚಿ ನೋಡಿದ್ರೆ ಒಳಗಿನ ಆನೋಡ್ ರಾಡ್ ಅಂದ್ರೆ ಹೊಸತರಲ್ಲಿ ಹೆಬ್ಬೆರಳಿನಷ್ಟು ದಪ್ಪ ಇದ್ದ ಮೆಗ್ನೀಸಿಯಂ ಕೋಲು, ಅದೀಗ ಹಿಡಿಸೂಡಿ ಕಡ್ಡಿಯ ಹಾಗೆ ಬರೀ ನಡುವಿನ ಸರಿಗೆ ಮಾತ್ರ ಉಳಿದಿತ್ತು. ತಮ್ಮನದ್ದೂ ಬಿಚ್ಚಿದೆ, ಆನೋಡ್ ಅರ್ಧ ಇತ್ತು, ಆದ್ರೆ ತಳದಲ್ಲಿ ಒಂದು ಸೇರು ಕೆಂಪು ಕೆಸರು, ಕಾಯಿಲ್ ಮೇಲೆ ಹಲ್ಲಿಗೆ ಗಾರೆ ಕಟ್ಟಿದ ಹಾಗೆ. ಈಗ ಅಣ್ಣ ಹೇಳುದು ಈ ಕಂಪೆನಿ ದಂಡ ಅಂತ, ತಮ್ಮ ಹೇಳುದು ಫಸ್ಟ್ ಕ್ಲಾಸ್ ಅಂತ. ಯಾರನ್ನು ನಂಬುದು ನೀವು?

ನಮ್ಮದು ಮುರಕಲ್ಲಿನ ಅಂದ್ರೆ ಕೆಂಪು ಕಲ್ಲಿನ ಊರು. ಈ ಕಲ್ಲಿನಿಂದ ಇಳಿದು ಬರುವ ಬಾವಿ ನೀರು, ಸುರಂಗದ ನೀರು ಕುಡೀಲಿಕ್ಕೆ ಅಮೃತ, ಸಾಬೂನು ನೊರೆ ಹೋಗುದೇ ಇಲ್ಲ, ಆದ್ರೆ ಹುಳಿ ಸ್ವಭಾವದ್ದು. ಕುಡಿಯುವ ನೀರಿನ ಪಿಎಚ್ 6.5 ರಿಂದ 8.5 ಇರಬೇಕು ಅಂತ ಲೆಕ್ಕ, ನಮ್ಮಲ್ಲಿ ಆ 6.5 ಕ್ಕಿಂತ ಕೆಳಗೆ ಇರುವ ಬಾವಿಗಳು ಬೇಕಾದಷ್ಟು. ಹುಳಿ ನೀರು ಲೋಹ ತಿಂತದೆ. ವಾಷ್ ಬೇಸಿನಲ್ಲಿ ನಲ್ಲಿ ತೊಟ್ಟಿಕ್ಕುವ ಜಾಗದಲ್ಲಿ ಹಸಿರು ನೀಲಿ ಕಲೆ ಉಂಟಾ ನೋಡಿ, ಇದ್ರೆ ನಿಮ್ಮದು ಅದೇ ಜಾತಿ ನೀರು. ಬೋರ್‌ವೆಲ್ಲಲ್ಲಿ ಕಬ್ಬಿಣ ಜಾಸ್ತಿ, ಬಕೆಟಲ್ಲಿ ಇಟ್ಟ ನೀರು ಬೆಳಿಗ್ಗೆಗೆ ಚಾದ ಬಣ್ಣ. ಮತ್ತೆ ಕುಂಬಳೆ, ಉಪ್ಪಳ, ಮಂಜೇಶ್ವರ ಅಂತ ಸಮುದ್ರದ ಬದಿಗೆ ಹೋದ್ರೆ ಏಪ್ರಿಲ್ ಮೇಯಲ್ಲಿ ಉಪ್ಪು. ಮೂರು ನಮೂನೆ ನೀರಿಗೆ ಮೂರು ನಮೂನೆ ರೋಗ, ಕಂಪೆನಿಗೆ ಬೈಗುಳ ಮಾತ್ರ ಒಂದೇ.

ಹಾಗಾದ್ರೆ ಒಳಗಿನ ಟಾಂಕಿ ಎಂತದ್ದು ನೋಡುದು, ತಾಮ್ರವಾ, ಸ್ಟೀಲಾ, ಗ್ಲಾಸ್ ಲೈನಿಂಗಾ?

ಮೊದಲು ಇದನ್ನೇ ಕೇಳಬೇಕು, ಬಣ್ಣ, ಡಿಸ್‌ಪ್ಲೇ, ವೈಫೈ ಎಲ್ಲ ಆಮೇಲೆ. (ಗೀಸರಿಗೆ ವೈಫೈ ಯಾಕೆ ಅಂತ ನನಗೆ ಇನ್ನೂ ತಿಳಿದಿಲ್ಲ.) ತಾಮ್ರ ಹಳೆ ಕಾಲದಿಂದ ಒಳ್ಳೇದೇ, ಆದ್ರೆ ನಮ್ಮ ಹುಳಿ ನೀರು ನಿಧಾನಕ್ಕೆ ತಿಂದು ಸೂಜಿ ಮೊನೆಯಷ್ಟು ತೂತು ಮಾಡ್ತದೆ. ಸ್ಟೀಲಲ್ಲಿ 304 ಮತ್ತು 316 ಅಂತ ಎರಡು ಗ್ರೇಡ್ ಹೇಳ್ತಾರೆ, ಉಪ್ಪು ನೀರು ಸ್ಟೀಲಿನ ಶತ್ರು, ಅದೂ ವೆಲ್ಡಿಂಗ್ ಮಾಡಿದ ಗೆರೆಯಲ್ಲೇ ಮೊದಲು ಹೋಗುದು, 316 ಸ್ವಲ್ಪ ತಡ್ಕೊಳ್ತದೆ. ಗ್ಲಾಸ್ ಲೈನಿಂಗ್ ಅಂದ್ರೆ ಕಬ್ಬಿಣದ ಟಾಂಕಿಯ ಒಳಗೆ ಗಾಜಿನ ಪುಡಿ ಬಳಿದು ಕುಲುಮೆಯಲ್ಲಿ ಸುಟ್ಟು ಹಿಡಿಸಿದ್ದು, ಅಜ್ಜಿಯ ಹತ್ರ ಇದ್ದ ಎನಾಮಲ್ ಬಟ್ಟಲಿನ ಹಾಗೆಯೇ. ಅಮೆರಿಕದ ಎ.ಒ. ಸ್ಮಿತ್‌ನವರು 1936 ರಲ್ಲಿ ಪೇಟೆಂಟ್ ಮಾಡಿದ ಕೆಲಸ ಅದು, ಈಗ ಹೆಚ್ಚಿನವರೂ ಮಾಡ್ತಾರೆ, ಮೇಲಿಂದ ಟೈಟಾನಿಯಂ, ಬ್ಲೂ ಡೈಮಂಡ್ ಅಂತ ಒಬ್ಬೊಬ್ಬರು ಒಂದೊಂದು ಹೆಸರು ಇಟ್ಕೊಂಡಿದ್ದಾರೆ. ಎನಾಮಲಲ್ಲಿ ಕಣ್ಣಿಗೆ ಕಾಣದ ಬಿರುಕು ಇದ್ದೇ ಇರ್ತದೆ, ಆ ಬಿರುಕಲ್ಲಿ ಕಬ್ಬಿಣ ತಿನ್ನಬೇಕಾದ ನೀರಿಗೆ ತನ್ನನ್ನೇ ಕೊಟ್ಟು ಟಾಂಕಿ ಉಳಿಸುದು ಆ ಮೆಗ್ನೀಸಿಯಂ ಕೋಲು. ಕೋಲು ಮುಗಿದ ದಿನದಿಂದ ಟಾಂಕಿಯ ಸರದಿ.

ನನ್ನ ಲೆಕ್ಕ ಏನಂದ್ರೆ ಬಾವಿ, ಸುರಂಗದ ನೀರಿಗೆ ಗ್ಲಾಸ್ ಲೈನಿಂಗ್ ತೆಗೊಳ್ಳಿ, ವರ್ಷಕ್ಕೊಮ್ಮೆ ಆನೋಡ್ ಬಿಚ್ಚಿ ನೋಡಿ, ಅರ್ಧಕ್ಕಿಂತ ಕಮ್ಮಿ ಆದ್ರೆ ಬದಲಾಯಿಸಿ. ಮಾಡುದಿಲ್ಲ ಅಂತಾದ್ರೆ ಎಷ್ಟು ದೊಡ್ಡ ಹೆಸರಿನದ್ದು ತಂದ್ರೂ ಅಷ್ಟೇ.

ಟಿವಿಯಲ್ಲಿ ಬರುವ ಹೆಸರುಗಳೆಲ್ಲ ಒಂದೇನಾ?

ಅಲ್ಲ. ರಕೋಲ್ಡ್ ಇಟೆಲಿಯ ಅರಿಸ್ಟನ್ ಗುಂಪಿನದ್ದು. ಎ.ಒ. ಸ್ಮಿತ್ 1874 ರಲ್ಲಿ ಮಿಲ್ವಾಕಿಯಲ್ಲಿ ಶುರುವಾದದ್ದು, ಇಲ್ಲಿಯ ಫ್ಯಾಕ್ಟರಿ ಬೆಂಗಳೂರು ಹತ್ರ ಹಾರೋಹಳ್ಳಿಯಲ್ಲಿ. ವಿ-ಗಾರ್ಡ್ ಕೊಚ್ಚಿಯವರು, 1977 ರಲ್ಲಿ ವೋಲ್ಟೇಜ್ ಸ್ಟೆಬಿಲೈಸರ್ ಮಾಡ್ಲಿಕ್ಕೆ ಹೊರಟವರು, ಹಾಗಾಗಿ ನಮ್ಮ ಜಿಲ್ಲೆಯ ಮೂಲೆಮೂಲೆಯ ಅಂಗಡಿಯಲ್ಲೂ ಉಂಟು. ಬಜಾಜ್, ಹ್ಯಾವೆಲ್ಸ್, ಕ್ರಾಂಪ್ಟನ್ ಫ್ಯಾನು ಲೈಟಿನಿಂದ ಗೊತ್ತಿರುವ ಹೆಸರುಗಳು. ಇವರಲ್ಲಿ ಯಾರದ್ದೂ ಕಳಪೆ ಅಂತ ನಾನು ಹೇಳುದಿಲ್ಲ. ಆದ್ರೆ ಒಂದು ಕೆಲಸ ಮಾಡಿ, ಯಾವ ಕಂಪೆನಿಯದ್ದೇ ಆಗಲಿ ಪೆಟ್ಟಿಗೆಯ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮ್ಯಾನುಫ್ಯಾಕ್ಚರ್ಡ್ ಬೈ, ಮಾರ್ಕೆಟೆಡ್ ಬೈ ಅಂತ ಇರ್ತದಲ್ಲ ಅದನ್ನು ಓದಿ. ಎರಡು ಕಡೆ ಬೇರೆ ಬೇರೆ ಹೆಸರು ಇದ್ರೆ ನೀವು ದುಡ್ಡು ಕೊಡುದು ಸ್ಟಿಕ್ಕರಿಗೂ ಸೇರಿ ಅಂತ ಅರ್ಥ. ಅದರಲ್ಲಿ ತಪ್ಪಿಲ್ಲ, ಬೇರೆಯವರಿಂದ ಮಾಡಿಸುದು ಈ ಲೈನಲ್ಲಿ ಮಾಮೂಲಿ. ಒಂದೇ ಕಂಪೆನಿಯಲ್ಲೂ ದುಬಾರಿ ಮಾಡೆಲ್ ಸ್ವಂತ ಫ್ಯಾಕ್ಟರಿಯದ್ದು, ಅಗ್ಗದ್ದು ಹೊರಗಿಂದು ಆಗಿರಬಹುದು, ಹಾಗಾಗಿ ಕಂಪೆನಿಗೆ ಮಾರ್ಕ್ ಕೊಡುದಕ್ಕಿಂತ ಮಾಡೆಲಿಗೆ ಕೊಡುದು ಸರಿ.

ಆನ್‌ಲೈನಲ್ಲಿ 4.3 ಸ್ಟಾರ್ ಉಂಟು, ಸಾವಿರಗಟ್ಟಲೆ ಜನ ಬರೆದಿದ್ದಾರೆ, ಸಾಲದಾ?

ಬರೆದದ್ದು ಯಾವಾಗ ನೋಡಿ. ಹೆಚ್ಚಿನವು ತಂದು ಒಂದು ವಾರದೊಳಗೆ. ಒಂದು ವಾರದಲ್ಲಿ ಎಲ್ಲ ಗೀಸರೂ ನೀರು ಬಿಸಿ ಮಾಡ್ತದೆ ಮಾರಾಯ್ರೆ, ಮದುವೆಯಾದ ವಾರದಲ್ಲಿ ಅಳಿಯ ಒಳ್ಳೆಯವ ಅಂದ ಹಾಗೆ. ಒಂದು ಸ್ಟಾರ್ ಕೊಟ್ಟವರದ್ದು ಓದಿ, ಅದರಲ್ಲೂ ಫಿಟ್ ಮಾಡ್ಲಿಕ್ಕೆ ಜನ ಬರಲಿಲ್ಲ, ಪೈಪಿಗೆ ಎಕ್ಸ್‌ಟ್ರಾ ದುಡ್ಡು ಕೇಳಿದ ಅಂತ ಇರುದನ್ನು ಬದಿಗಿಡಿ, ಅದು ಎಲ್ಲರದ್ದೂ ಇದ್ದದ್ದೇ. ಎರಡು ಮೂರು ವರ್ಷದ ಮೇಲೆ ವಾಪಸ್ ಬಂದು ಬರೆದವರು ಇರ್ತಾರೆ, ಅವರು ಹತ್ತು ಜನ ಇದ್ರೂ ಸಾಕು. ಹತ್ತರಲ್ಲಿ ಆರು ಜನ ಒಂದೇ ಜಾಗದ ಹೆಸರು ಹೇಳಿದ್ರೆ, ಅಂದ್ರೆ ಎಲ್ಲರದ್ದೂ ಬೇಕಾದಷ್ಟು ಬಿಸಿಯಾದ ಕೂಡಲೇ ಕರೆಂಟ್ ಕಡಿಯುವ ಥರ್ಮೋಸ್ಟಾಟೇ ಹೋದದ್ದು ಅಥವಾ ಎಲ್ಲರದ್ದೂ ತಳವೇ ಸೋರಿದ್ದು ಅಂತಾದ್ರೆ, ಆ ಮಾಡೆಲ್ ಬಿಟ್ಟುಬಿಡಿ.

5 ಸ್ಟಾರ್ ಗೀಸರ್ ತೆಗೊಂಡ್ರೆ ಕರೆಂಟ್ ಬಿಲ್ ಕಮ್ಮಿ ಬರ್ತದಾ?

ಅಂಗಡಿಯವ ಹೇಳುವಷ್ಟು ಇಲ್ಲ. ಕರೆಂಟ್ ಉಳಿತಾಯದ ಸರಕಾರಿ ಸಂಸ್ಥೆ ಬಿಇಇಯವರ ಸ್ಟಾರ್ ಅಳೆಯುದು ಬಿಸಿಯಾದ ನೀರು ಸುಮ್ಮನೆ ನಿಂತಾಗ 24 ಗಂಟೆಯಲ್ಲಿ ಎಷ್ಟು ಕರೆಂಟ್ ಪೋಲು ಮಾಡ್ತದೆ ಅಂತ, ಅಂದ್ರೆ ಹೊದಿಕೆ ಎಷ್ಟು ದಪ್ಪ ಅಂತ. ನೀರು ಬಿಸಿ ಮಾಡುವ ಖರ್ಚು ಎಲ್ಲ ಕಂಪೆನಿಗೂ ಒಂದೇ. ನಮ್ಮ ಬಾವಿ ನೀರು 27 ಡಿಗ್ರಿ ಅಂತ ಇಟ್ಕೊಳ್ಳಿ, 15 ಲೀಟರನ್ನು 60 ಕ್ಕೆ ಏರಿಸ್ಲಿಕ್ಕೆ ಅರ್ಧ ಯೂನಿಟಿಗಿಂತ ಚೂರು ಜಾಸ್ತಿ, 2000 ವಾಟಿನ ಕಾಯಿಲಿಗೆ 17 ನಿಮಿಷ. ಯಾವ ಜಾಹೀರಾತೂ ಈ ಲೆಕ್ಕ ತಪ್ಪಿಸ್ಲಿಕ್ಕೆ ಆಗುದಿಲ್ಲ. ದಿನವಿಡೀ ಆನ್ ಇಡುವ ಮನೆಗೆ 5 ಸ್ಟಾರ್ ಲಾಭ. ಮೀಯುವ ಮುಂಚೆ ಹಾಕಿ ಆಮೇಲೆ ಆಫ್ ಮಾಡುವವರಿಗೆ ಎರಡು ತಿಂಗಳಿಗೊಮ್ಮೆ ಬರುವ ಕೆಎಸ್‌ಇಬಿ ಅಂದ್ರೆ ಕೇರಳ ವಿದ್ಯುತ್ ಬೋರ್ಡಿನ ಬಿಲ್ಲಲ್ಲಿ ವ್ಯತ್ಯಾಸ ಕಾಣ್ಲಿಕ್ಕೆ ಭೂತಗನ್ನಡಿ ಬೇಕು. ಆದ್ರೂ 5 ಸ್ಟಾರಿಂದು ಹೊದಿಕೆ ಚೆನ್ನಾಗಿರ್ತದೆ, ಸಿಕ್ಕಿದ್ರೆ ತೆಗೊಳ್ಳಿ.

ಐಎಸ್‌ಐ ಮಾರ್ಕ್ ಅಸಲಿಯಾ ಅಂತ ಹೇಗೆ ಗೊತ್ತಾಗುದು?

ಮಾರ್ಕಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ನಂಬರ್ ಇರ್ತದೆ, ಆ ಮಾರ್ಕ್ ಕೊಡುವ ಬಿಐಎಸ್ ಸಂಸ್ಥೆಯವರ ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿ, ಯಾರಿಗೆ ಕೊಟ್ಟ ಲೈಸೆನ್ಸ್ ಅಂತ ತೋರಿಸ್ತದೆ. ಟಾಂಕಿ ಇರುವ ಗೀಸರಿಗೆ ಮಾರ್ಕಿನ ಮೇಲೆ ಐಎಸ್ 2082 ಇರಬೇಕು. ಎರಡು ನಿಮಿಷದ ಕೆಲಸ, ಅಂಗಡಿಯಲ್ಲೇ ನಿಂತು ಮಾಡಿ.

ಮಂಗಳೂರಲ್ಲಿ ಎಂಟುನೂರು ರೂಪಾಯಿ ಕಮ್ಮಿಗೆ ಸಿಗ್ತದೆ, ಅಲ್ಲಿಂದ ತರಬಹುದಾ?

ಈ ಪ್ರಶ್ನೆ ನಮ್ಮವರಿಗೆ ಬಿಟ್ರೆ ಬೇರೆಯವರಿಗೆ ಅರ್ಥ ಆಗ್ಲಿಕ್ಕಿಲ್ಲ, ಕಾಸರಗೋಡು ಕೇರಳ, ಮಂಗಳೂರು ಕರ್ನಾಟಕ, ನಡುವೆ ತಲಪಾಡಿ ಗಡಿ. ನಾನೇ ತಂದು ಅನುಭವಿಸಿದವ, ಹೆಸರು ಬೇಡ, ದೊಡ್ಡ ಕಂಪೆನಿಯೇ. ವಾರಂಟಿಯೊಳಗೆ ಥರ್ಮೋಸ್ಟಾಟ್ ಹೋಯ್ತು. ನಾನೇ ಹಾಕಬಹುದಿತ್ತು, ಆದ್ರೆ ಬಿಚ್ಚಿದ್ರೆ ವಾರಂಟಿ ಹೋಗ್ತದಲ್ಲ, ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಕನ್ನಡ ಒತ್ತಿದೆ. ಹುಡುಗಿ ಭಾರಿ ಮರ್ಯಾದೆಯಲ್ಲಿ ಪಿನ್‌ಕೋಡ್ ಕೇಳಿದಳು, 671 ಅಂತ ಶುರು ಮಾಡಿದ್ದೇ "ಸರ್ ಅದು ಕೇರಳ, ಮಲಯಾಳಂ ಲೈನಿಗೆ ಹಾಕ್ತೇನೆ" ಅಂದಳು. ಅಲ್ಲಿ ಒಬ್ಬ ಎಲ್ಲ ಕೇಳಿ ಕೊನೆಗೆ "ಕರ್ನಾಟಕತ್ತಿಲೆ ಬಿಲ್ಲಾಣಲ್ಲೋ", ಕರ್ನಾಟಕದ ಬಿಲ್ಲಲ್ವಾ ಅಂತ ಎಳೆದ. ಕಂಪ್ಲೇಂಟ್ ಕಣ್ಣೂರಿಗೆ ಹೋಯ್ತು, ಕಣ್ಣೂರಿನವ ನಾಳೆ ನಾಳೆ ಅಂದ, ಮಂಗಳೂರಿನ ಟೆಕ್ನಿಶಿಯನ್ ಹತ್ರ ಕೇಳಿದ್ರೆ "ಅಣ್ಣ, ತಲಪಾಡಿ ದಾಟಿದ್ರೆ ನಮ್ಮ ಏರಿಯಾ ಅಲ್ಲ" ಅಂತ. ಇಪ್ಪತ್ತಮೂರು ದಿನ ಆಯ್ತು, ಜುಲೈ ತಿಂಗಳು, ಅಮ್ಮನ ಬಾಯಿಂದ ನಾನು ಕೇಳಿದ್ದು ಇಲ್ಲಿ ಬರೀಲಿಕ್ಕೆ ಆಗುದಿಲ್ಲ.

ವಾರಂಟಿ ಕಾರ್ಡಲ್ಲಿ ಇಡೀ ಇಂಡಿಯಾಕ್ಕೆ ಅಂತಲೇ ಬರೆದಿರ್ತದೆ, ತಪ್ಪಲ್ಲ, ಆದ್ರೆ ಬರುವವ ಬೈಕಲ್ಲಿ ಬರಬೇಕಲ್ಲ. ಹಾಗಾಗಿ ತೆಗೊಳ್ಳುವ ಮುಂಚೆಯೇ ಕಂಪೆನಿಯ ನಂಬರಿಗೆ ಫೋನ್ ಮಾಡಿ, ನಿಮ್ಮ ಪಿನ್‌ಕೋಡ್ ಹೇಳಿ, ಸರ್ವಿಸ್ ಎಲ್ಲಿಂದ ಬರ್ತದೆ ಕೇಳಿ. ಕುಂಬಳೆ, ಕಾಸರಗೋಡು ಅಂದ್ರೆ ಒಳ್ಳೇದು. ಕಣ್ಣೂರು ಅಂದ್ರೆ ಯೋಚನೆ ಮಾಡಿ. ಕಂಪೆನಿಯ ಮರ್ಯಾದೆ ಎಷ್ಟು ಅಂತ ಗೊತ್ತಾಗ್ಲಿಕ್ಕೆ ಈ ಒಂದು ಫೋನಿನಷ್ಟು ಒಳ್ಳೆ ಪರೀಕ್ಷೆ ನಾನು ಕಂಡಿಲ್ಲ. ಎಂಟುನೂರು ರೂಪಾಯಿ ಊರಿನ ಅಂಗಡಿಯವನಿಗೆ ಹೆಚ್ಚು ಕೊಟ್ರೆ ಹಾಳಾದ ದಿನ ಅವನ ಅಂಗಡಿ ಎದುರು ಹೋಗಿ ನಿಲ್ಲಬಹುದು.

7 ವರ್ಷ ವಾರಂಟಿ ಅಂದ್ರೆ ಗಟ್ಟಿ ಅಂತಲೇ ಅಲ್ವಾ?

ಆ 7 ವರ್ಷ ಟಾಂಕಿಗೆ ಮಾತ್ರ. ಕಾಯಿಲಿಗೆ ಬೇರೆ, ಇಡೀ ಗೀಸರಿಗೆ ಬೇರೆ, ಅದು ಎರಡು ವರ್ಷವೋ ಏನೋ ಇರ್ತದೆ. ಟಾಂಕಿ ಕೊಡ್ತಾರೆ, ಕೂಲಿ, ಸಾಗಾಟ ನಿಮ್ಮ ತಲೆಗೆ ಬರಬಹುದು. ಸಣ್ಣ ಅಕ್ಷರದಲ್ಲಿ ಆನೋಡ್ ಸಮಯಕ್ಕೆ ಬದಲಾಯಿಸಿರಬೇಕು, ನೀರು ಇಂತಿಷ್ಟು ಗಡಸಿಗಿಂತ ಜಾಸ್ತಿ ಇರಬಾರದು, ಅವರ ವಾಲ್ವೇ ಹಾಕಿರಬೇಕು ಅಂತ ಎಲ್ಲ ಇರ್ತದೆ, ಒಂದು ತಪ್ಪಿದ್ರೂ ಕೈ ಎತ್ತಲಿಕ್ಕೆ ದಾರಿ. ಬಿಲ್ಲಿನ ಫೋಟೋ ತೆಗೆದಿಡಿ, ಆ ಥರ್ಮಲ್ ಪೇಪರಿನ ಬಿಲ್ಲು ಎರಡು ಮಳೆಗಾಲಕ್ಕೆ ಬಿಳಿ ಹಾಳೆ ಆಗ್ತದೆ.

ಹೊಸ ಗೀಸರ್, ಆದ್ರೂ ಸಂಜೆ ಬಿಸಿ ಆಗುದೇ ಇಲ್ಲ. ಕಂಪೆನಿ ಮೋಸ ಮಾಡಿತಾ?

ಮೊದಲು ವೋಲ್ಟೇಜ್ ನೋಡಿ. ಟ್ರಾನ್ಸ್‌ಫಾರ್ಮರಿನಿಂದ ದೂರ ಇರುವ ತೋಟದ ಮನೆಗಳಲ್ಲಿ ಸಂಜೆ 180 ಕ್ಕೆ ಇಳಿದದ್ದು ನಾನೇ ಮೀಟರಲ್ಲಿ ಕಂಡಿದ್ದೇನೆ. 230 ಇದ್ದಲ್ಲಿ 180 ಆದ್ರೆ ಶಕ್ತಿ ಸುಮಾರು 60 ಪರ್ಸೆಂಟಿಗೆ ಇಳೀತದೆ, 2000 ವಾಟಿಂದು 1200 ಚಿಲ್ಲರೆ ವಾಟ್ ಆಗಿ ಕೂತ್ಕೊಳ್ತದೆ, 17 ನಿಮಿಷದ ಕೆಲಸಕ್ಕೆ 28 ನಿಮಿಷ. ಗೀಸರಿಗೂ ಕಂಪೆನಿಗೂ ಇದರಲ್ಲಿ ಪಾಪ ಎಂತದ್ದೂ ಇಲ್ಲ. ಮತ್ತೆ 16 ಆಂಪಿನ ಸಾಕೆಟ್, ಸರಿಯಾದ ಅರ್ತಿಂಗ್, ಕರೆಂಟ್ ಲೀಕಾದ್ರೆ ಕೂಡಲೇ ಕಡಿಯುವ ಈಎಲ್‌ಸಿಬಿ ಇಲ್ಲದ ಬಚ್ಚಲಿಗೆ ನಾನು ಗೀಸರ್ ಹಾಕುದಿಲ್ಲ, ಜಗಳ ಮಾಡಿದ್ರೂ ಹಾಕುದಿಲ್ಲ.

ವಾಲ್ವಿಂದ ಹನಿ ಬೀಳ್ತದೆ, ಕಳಪೆ ಮಾಲಾ?

ಬಿಸಿಯಾಗುವಾಗ ನೀರು ಹಿಗ್ಗುತ್ತದೆ, ಹೆಚ್ಚಾದ ಒತ್ತಡ ಹೊರಗೆ ಬಿಡ್ಲಿಕ್ಕೇ ಆ ವಾಲ್ವ್ ಇರುದು, ನಾಲ್ಕು ಹನಿ ಬಿದ್ರೆ ಅದು ಕೆಲಸ ಮಾಡ್ತಾ ಉಂಟು ಅಂತ. ಪೆರ್ಲದ ಹತ್ರ ಒಂದು ಮನೆಯಲ್ಲಿ ಅದರ ಬಾಯಿಗೆ ಎಂ-ಸೀಲ್ ಮೆತ್ತಿ ಮೇಲಿಂದ ಪ್ಲಾಸ್ಟಿಕ್ ಕಟ್ಟಿದ್ರು. ನೋಡಿ ನನ್ನ ಕೈಕಾಲು ತಣ್ಣಗಾಯ್ತು. ಥರ್ಮೋಸ್ಟಾಟ್ ಕೈಕೊಟ್ರೆ ಅದು ಗೀಸರ್ ಅಲ್ಲ, ಬಾಂಬು. ಯಾವಾಗಲೂ ಧಾರೆ ಹಾಗೆ ಹರೀತಿದ್ರೆ ಮಾತ್ರ ವಾಲ್ವ್ ಬದಲಾಯಿಸಿ.

ಗ್ಯಾಸ್ ಗೀಸರ್?

ಬಚ್ಚಲಿನ ಒಳಗೆ ಬೇಡವೇ ಬೇಡ, ಯಾವ ಕಂಪೆನಿದೂ ಬೇಡ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಗ್ಯಾಸ್ ಸರಿಯಾಗಿ ಉರಿಯದಿದ್ರೆ ಕಾರ್ಬನ್ ಮೊನಾಕ್ಸೈಡ್ ಬರ್ತದೆ, ಬಣ್ಣ ಇಲ್ಲ, ವಾಸನೆ ಇಲ್ಲ, ತಲೆ ತಿರುಗಿ ಬಿದ್ದವರು ಏಳುದಿಲ್ಲ. ಹೊರಗೆ ಗಾಳಿ ಇರುವ ಜಾಗದಲ್ಲಿ ಹಾಕಿ ಪೈಪ್ ಒಳಗೆ ತಂದ್ರೆ ಸರಿ.

ಸೋಲಾರ್ ಹಾಕಿದ್ರೆ ಇದೆಲ್ಲ ತಲೆಬಿಸಿ ಇಲ್ಲ ಅಲ್ವಾ?

ಫೆಬ್ರವರಿಯಲ್ಲಿ ಇಲ್ಲ. ವರ್ಷಕ್ಕೆ 3500 ಮಿಲಿಮೀಟರ್ ಹತ್ರ ಮಳೆ ಬೀಳುವ ಜಿಲ್ಲೆಯಲ್ಲಿ ಬಿಸಿನೀರು ನಿಜವಾಗಿ ಬೇಕಾದ ಜೂನ್, ಜುಲೈಯಲ್ಲೇ ಸೂರ್ಯ ರಜೆ. ಒಳಗೆ ಕರೆಂಟಿನ ಕಾಯಿಲ್ ಇರುದೇ ತೆಗೊಳ್ಳಿ. ಗಾಜಿನ ಟ್ಯೂಬಿಂದು ಅಗ್ಗ, ಆದ್ರೆ ತೆಂಗಿನ ಮರದ ಕೆಳಗೆ ಇಡ್ಬೇಡಿ, ಒಂದು ಬೊಂಡ ಬಿದ್ರೆ ಸಾಕು.

ಅಪ್ಪ ಹಳೇ ತಾಮ್ರದ ಬಾಯ್ಲರೇ ಸಾಕು ಅಂತಾರೆ. ಅದರಲ್ಲಿ ಬ್ರಾಂಡ್ ನೋಡುದು ಹೇಗೆ?

ಅದರಲ್ಲಿ ಬ್ರಾಂಡ್ ಇಲ್ಲ, ತೂಕ ಉಂಟು. ಕೆಜಿ ಲೆಕ್ಕದಲ್ಲಿ ತೆಗೊಳ್ಳಿ, ತಗಡು ಎಷ್ಟು ದಪ್ಪ ಕೇಳಿ, ನಡುವಿನ ಹೊಗೆ ಕೊಳವೆಯ ಬೆಸುಗೆಯನ್ನು ಬೆರಳಲ್ಲಿ ಸವರಿ ನೋಡಿ, ನೀರು ತುಂಬಿಸಿ ಒಂದು ರಾತ್ರಿ ಇಡ್ಲಿಕ್ಕೆ ಹೇಳಿ. ತೆಂಗಿನ ಸಿಪ್ಪೆ, ಕೊತ್ತಳಿಗೆ, ಅಡಿಕೆ ಸಿಪ್ಪೆ ಇರುವ ಮನೆಗೆ ಕರೆಂಟೂ ಬೇಡ, ಕಸ್ಟಮರ್ ಕೇರೂ ಬೇಡ. ತೂತಾದ್ರೂ ಗುಜರಿಯಲ್ಲಿ ಒಳ್ಳೆ ರೇಟು. ಅಪ್ಪ ಹೇಳಿದ್ದಕ್ಕೆ ನನ್ನ ವಿರೋಧ ಇಲ್ಲ.

ಮಗಳು ಇಂಗ್ಲೆಂಡಲ್ಲಿ ಮನೆ ತೆಗೊಂಡಿದ್ದಾಳೆ, ಅಲ್ಲಿಯ ಬಾಯ್ಲರ್ ಯಾವ ಕಂಪೆನಿದು ಒಳ್ಳೇದು?

ನರ್ಸಿಂಗ್ ಮಾಡಿ ಹೋದವರು ಜಾಸ್ತಿ ಆದ ಮೇಲೆ ಇದೂ ಬರ್ತದೆ. ಅಲ್ಲಿ ಬಾಯ್ಲರ್ ಅಂದ್ರೆ ಮೀಯ್ಲಿಕ್ಕೆ ಮಾತ್ರ ಅಲ್ಲ, ಗ್ಯಾಸಲ್ಲಿ ನೀರು ಬಿಸಿ ಮಾಡಿ ಕೋಣೆ ಕೋಣೆಯ ರೇಡಿಯೇಟರಿಗೆ ಸುತ್ತಿಸಿ ಇಡೀ ಮನೆ ಬೆಚ್ಚಗೆ ಇಡುದು. ವೂಸ್ಟರ್ ಬಾಷ್, ವೈಲಂಟ್, ಐಡಿಯಲ್, ಬ್ಯಾಕ್ಸಿ, ವೀಸ್‌ಮನ್ ಅಂತ ಹೆಸರುಗಳು. ವೈಲಂಟ್ ಜರ್ಮನಿಯದ್ದು, ಎ.ಒ. ಸ್ಮಿತ್ ಹಾಗೆ ಅದೂ 1874 ರಲ್ಲೇ ಶುರುವಾದದ್ದು, ಆ ವರ್ಷ ಎಲ್ಲರಿಗೂ ಚಳಿ ಹಿಡಿದಿತ್ತೋ ಏನೋ. ಗ್ಲೋವರ್ಮ್ ಅಂತ ಸ್ವಲ್ಪ ಅಗ್ಗದ ಹೆಸರೂ ಅದೇ ಗುಂಪಿನದ್ದು. ವೀಸ್‌ಮನ್ನಿನ ಬಾಯ್ಲರ್ ವ್ಯಾಪಾರ 2024 ರ ಜನವರಿಯಲ್ಲಿ ಅಮೆರಿಕದ ಕ್ಯಾರಿಯರ್ ಕೈಗೆ ಹೋಯ್ತು. ಅಂದ್ರೆ ಅಜ್ಜನ ಕಾಲದ ಹೆಸರು ಅಂತ ನಂಬುವ ಮುಂಚೆ ಈಗ ಯಜಮಾನ ಯಾರು ಅಂತ ಅಲ್ಲಿಯೂ ನೋಡಬೇಕು.

ನನ್ನ ಚಿಕ್ಕಪ್ಪನ ಮಗಳು ಅಲ್ಲಿ ಇದ್ದಾಳೆ. ಒಂದು ಡಿಸೆಂಬರ್ ರಾತ್ರಿ ವಿಡಿಯೋ ಕಾಲ್, "ಅಣ್ಣ, ಬಾಯ್ಲರ್ ಆಫ್ ಆಗಿ ಬಿದ್ದಿದೆ, ಮಗು ನಡುಗ್ತಾ ಇದೆ, ಈ ಕಂಪೆನಿಯೇ ದರಿದ್ರ." ಫೋನ್ ತಿರುಗಿಸ್ಲಿಕ್ಕೆ ಹೇಳಿದೆ, ನೀರಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಒಂದೂಕಾಲರ ಹತ್ರ ಸರಿಯಾಗಿಯೇ ಇತ್ತು, ತಣ್ಣಗಿರುವಾಗ 1 ರಿಂದ 1.5 ಬಾರ್ ಇದ್ರೆ ಆಯ್ತು. ಆಮೇಲೆ ಗೋಡೆಯಿಂದ ಹೊರಗೆ ಹೋಗುವ ಬಿಳಿ ಪ್ಲಾಸ್ಟಿಕ್ ಪೈಪ್ ತೋರಿಸಿದಳು, ಅದರ ಬಾಯಲ್ಲಿ ಮಂಜುಗಡ್ಡೆ. ಅಲ್ಲಿ 2005 ರಿಂದ ಹಾಕುದು ಕಂಡೆನ್ಸಿಂಗ್ ಬಾಯ್ಲರ್, ಹೊಗೆಯಲ್ಲಿರುವ ಹಬೆಯನ್ನೂ ನೀರು ಮಾಡಿ ಅದರ ಬಿಸಿ ಹಿಡಿಯುವಂಥದ್ದು, ಆ ನೀರು ಹೊರಗೆ ಹೋಗುವ ಪೈಪ್ ಹೆಪ್ಪುಗಟ್ಟಿದ್ರೆ ಬಾಯ್ಲರ್ ತಾನೇ ನಿಲ್ತದೆ. ಉಗುರು ಬೆಚ್ಚಗಿನ ನೀರು ಹೊಯ್ಯಲಿಕ್ಕೆ ಹೇಳಿದೆ, ರಿಸೆಟ್ ಒತ್ತಿದಳು, ಚಾಲು. ಪೈಪ್ ತೆಳುವಾದ್ದು ಹಾಕಿ ಹೊದಿಕೆ ಸುತ್ತದೆ ಬಿಟ್ಟವ ಫಿಟ್ಟರ್, ಬೈಗುಳ ತಿಂದದ್ದು ಕಂಪೆನಿ.

ಹಾಗಾಗಿ ಅಲ್ಲಿಗೂ ನಾನು ಹೇಳುದು ಹೆಚ್ಚು ಕಮ್ಮಿ ಇದನ್ನೇ. ಫಿಟ್ ಮಾಡುವವ ಗ್ಯಾಸ್ ಸೇಫ್ ರಿಜಿಸ್ಟರಲ್ಲಿ ಇರಬೇಕು, 2009 ರಿಂದ ಅದು ಗ್ಯಾಸ್ ಕೆಲಸ ಮಾಡುವವರ ಕಡ್ಡಾಯದ ಪಟ್ಟಿ, ಕಾರ್ಡ್ ತೋರಿಸ್ಲಿಕ್ಕೆ ಹೇಳ್ಬೇಕು. ಹಳೆ ರೇಡಿಯೇಟರಿನ ಕಪ್ಪು ಕೆಸರು ತೊಳೆಯದೆ ಹೊಸ ಬಾಯ್ಲರ್ ಸಿಕ್ಕಿಸಬಾರದು, ಮ್ಯಾಗ್ನೆಟ್ ಫಿಲ್ಟರ್ ಹಾಕಿಸಬೇಕು. ಹತ್ತು ವರ್ಷದ ವಾರಂಟಿ ಇದ್ರೂ ವರ್ಷ ವರ್ಷ ಸರ್ವಿಸ್ ಮಾಡಿಸಿ ಪುಸ್ತಕದಲ್ಲಿ ಬರೆಸದಿದ್ರೆ ಅದು ನಡೆಯುದಿಲ್ಲ.

ಗಲ್ಫಲ್ಲಿ ಎಂತ ಮಾಡ್ತಿದ್ರು?

ಅಲ್ಲಿಯದ್ದು ಉಲ್ಟಾ. ಜುಲೈಯಲ್ಲಿ ಟೆರೇಸಿನ ಟಾಂಕಿಯ ನೀರು ಕೈ ಸುಡ್ತದೆ, ಗೀಸರ್ ಆಫ್ ಮಾಡಿ ಇಟ್ರೆ ಅದರೊಳಗಿನ ನೀರೇ ತಂಪು, ಬಿಸಿನೀರಿನ ನಲ್ಲಿ ತಿರುಗಿಸಿ ತಣ್ಣೀರು ಮೀಯುದು.

ಕೊನೆಗೆ, ಪ್ಲಂಬರಿನ ಮಾತು ನಂಬಬಹುದಾ?

ನಮಗೂ ಅಂಗಡಿಯಿಂದ ನೂರಿನ್ನೂರು ಸಿಗುದುಂಟು, ಸುಳ್ಳು ಹೇಳಿ ಎಂತ ಮಾಡುದು. ಯಾವುದು ಒಳ್ಳೇದು ಅಂತ ಕೇಳ್ಬೇಡಿ. ಈ ವರ್ಷ ಯಾವ ಯಾವ ಗೀಸರ್ ಬಿಚ್ಚಿ ಗುಜರಿಗೆ ಹಾಕಿದೆ, ಅದು ಎಷ್ಟು ವರ್ಷದ್ದು, ಎಂತ ಹೋಗಿತ್ತು ಅಂತ ಕೇಳಿ, ಆಮೇಲೆ ನಿನ್ನ ಮನೆಯಲ್ಲಿ ಯಾವುದು ಕೇಳಿ. ನನ್ನದು ಹತ್ತು ವರ್ಷದ ಹಿಂದೆ ತಂದ 15 ಲೀಟರಿಂದು, ಮಂಗಳೂರಿನ ಆ ಥರ್ಮೋಸ್ಟಾಟಿನ ಗಲಾಟೆಯದ್ದೇ, ಆನೋಡ್ ಐದನೇದ್ದು ನಡೀತಾ ಉಂಟು, ಎದುರಿನ ಸ್ಟಿಕ್ಕರ್ ಮಾಸಿ ಕಂಪೆನಿ ಹೆಸರು ಓದ್ಲಿಕ್ಕೆ ಆಗುದಿಲ್ಲ. ಅಮ್ಮ ಮಾತ್ರ ಆ ಇಪ್ಪತ್ತಮೂರು ದಿನದ ಮೇಲೆ ಅದರ ನೀರು ಮುಟ್ಟಿಲ್ಲ, ಈಗಲೂ ಹಂಡೆಗೆ ಬೆಂಕಿ ಹಾಕಿಯೇ ಮೀಯುದು.